ಬಿ.ಎಡ್ ಮುಗಿಸೀನಿ, ಗದ್ಲ ಮಾಡೋ, ಹೊಡದಾಡೋ ಮಕ್ಕಳಿಗೆ ಪಾಠ ಮಾಡೋ ಪೋಸ್ಟ್ ಸಿಕ್ಕೈತಿ. ಹೊಡೀದೇ ಹೆಂಗ ಸಂಭಾಳಸೋದು, ಈ ಕೆಲಸಕ್ಕ ಸೇರಬೇಕೋ ಬ್ಯಾಡೋ?

ಸೇರಬಹುದು ನೋಡ್ರಿ, ಆದ್ರ ಗದ್ಲ ಆದಮ್ಯಾಲ ಏನ್ ಮಾಡಬೇಕು ಅನ್ನೋದಕ್ಕಿಂತ ಗದ್ಲ ಶುರು ಆಗೂಕಿಂತ ಐದು ನಿಮಿಷ ಮೊದಲು ಏನಾತು ಅಂತ ನೋಡೋ ತಾಳ್ಮಿ ನಿಮ್ಮ ಕಡೆ ಐತೇನು ಅಂತ ಮೊದಲು ವಿಚಾರ ಮಾಡ್ರಿ. ಈ ಕೆಲಸದಾಗ ಮುಕ್ಕಾಲು ಪಾಲು ಅದೇ.

ನಾನು ವಿಜಯಪುರ ಜಿಲ್ಲಾದಾಗ ಸರ್ಕಾರಿ ಹಿರಿಯ ಪ್ರಾಥಮಿಕ ಸಾಲಿ ಟೀಚರ್. ನಮ್ಮಲ್ಲಿ ಊರಾಗಿನ ಮಕ್ಕಳೂ ಬರ್ತಾರ, ಸುತ್ತಲಿನ ತಾಂಡಾದ ಮಕ್ಕಳೂ ಬರ್ತಾರ, ಯಾವ ಹುಡುಗ ಒಂದ್ ಕಡೆ ಕುಂಡ್ರಂಗಿಲ್ಲೋ, ಹೊಡಿತಾನೋ, ಕಂಪೌಂಡ್ ಜಿಗದು ಓಡಿ ಹೋಗ್ತಾನೋ ಅಂವನ್ನ ಕಡೀಕ ನನ್ನ ಕ್ಲಾಸಿಗೆ ಕಳಸ್ತಾರ, ಹಿಂಗ ವರ್ಷಗಟ್ಟಲೆ ಇಂಥ ಮಕ್ಕಳ ಜೋಡಿನೇ ಇದ್ದೀನಿ.

ಹೊಡಿಯೋ ಮಾತು ಮೊದಲ ಮುಗಸ್ತೀನಿ. ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆ 2009ರದು, 2010ರ ಏಪ್ರಿಲ್ 1ರಿಂದ ಜಾರಿ, ಅದರ 17ನೇ ಸೆಕ್ಷನ್ ಪ್ರಕಾರ ಮಗುವಿಗೆ ಹೊಡಿಯೋದೂ ತಪ್ಪು, ಮನಸ್ಸಿಗೆ ಹಿಂಸೆ ಆಗೋ ಹಂಗ ಅವಮಾನ ಮಾಡೋದೂ ತಪ್ಪು. ಆದ್ರ ಕಾನೂನು ಬಾಜೂಕ ಇಟ್ಟು ನೋಡಿದ್ರೂ ಹೊಡತದಿಂದ ಕೆಲಸಾನೇ ಆಗಂಗಿಲ್ರಿ. ಮನ್ಯಾಗ ದಿನಾ ಬಡಿಸಿಕೊಂಡು ಬರೋ ಹುಡುಗನಿಗೆ ನಿಮ್ಮ ಎರಡು ಏಟು ಯಾವ ಲೆಕ್ಕ? ಅಂವ ಪಾಠ ಬಿಟ್ಟು ನಿಮ್ಮ ಕೈ ನೋಡ್ಕೋತ ಕೂಡ್ತಾನ ಅಷ್ಟೇ. ತಂದಿ ತಾಯಿ ಬಂದು "ಕಣ್ಣೊಂದ್ ಬಿಟ್ಟು ಎಲ್ಲಿ ಬೇಕಾದ್ರೂ ಬಡೀರಿ ಟೀಚರ್" ಅಂತಾರ, ಅದಕ್ಕ ತಲಿ ಹಾಕಬ್ಯಾಡ್ರಿ.

ಈಗ ಒಬ್ಬ ಹುಡುಗನ ವಿಷಯ, ಗುರುತು ಸಿಗಬಾರದಂತ ಒಂದೆರಡು ವಿವರ ಬದಲ ಮಾಡೀನಿ. ಐದನೇ ಕ್ಲಾಸು, ಲೆಕ್ಕದಾಗ ಭಾಳ ಚುರುಕು, ಕನ್ನಡ ಪಿರಿಯಡ್ ಬಂತಂದ್ರ ಮಾತ್ರ ಪುಸ್ತಕ ಒಗಿಯೋದು, ಬೈಗುಳ, ಬಾಜೂದಂವನ ಮೈ ಮ್ಯಾಲ ಹೋಗೋದು. ಎಲ್ಲಾರೂ ಅಂವನ್ನ ಹೊರಗ ನಿಲ್ಲಸ್ತಿದ್ರು. ನಾನು ಒಂದು ನೋಟ್‌ಬುಕ್‌ನಾಗ ನಾಕು ಕಾಲಂ ಹಾಕಿದೆ, ಟೈಮ್ ಎಷ್ಟು, ಅದಕ್ಕಿಂತ ಮೊದಲು ಕ್ಲಾಸಿನಾಗ ಏನ್ ನಡದಿತ್ತು, ಅಂವ ಏನ್ ಮಾಡ್ದ, ಮಾಡಿದ್ದಕ್ಕ ಅವನಿಗೆ ಏನ್ ಸಿಕ್ತು. ಕಡೀ ಕಾಲಂ ಯಾರೂ ಬರಿಯಂಗಿಲ್ಲ, ಅದೇ ಎಲ್ಲಾದಕ್ಕಿಂತ ಮುಖ್ಯ. ಎರಡು ವಾರದಾಗ ಗೊತ್ತಾತು, ಸಾಲಾಗಿ ಒಬ್ಬೊಬ್ಬರೇ ಎದ್ದು ಒಂದೊಂದು ಪ್ಯಾರಾ ಜೋರಾಗಿ ಓದೋ ದಿನಾನೇ ಗದ್ಲ. ಕಣ್ಣಿಟ್ಟು ನೋಡಿದ್ರ ಅಂವ ಡೆಸ್ಕ್ ಕೆಳಗ ಬೆರಳ ಮಡಚಿ ಎಣಸ್ತಿದ್ದ, ತನ್ನ ಪಾಳಿ ಬರಾಕ ಇನ್ನ ಎಷ್ಟು ಮಂದಿ ಅದಾರಂತ, ಇಬ್ಬರು ಉಳದಾಗ ಬಾಜೂದಂವನ ತೊಡಿ ಚೂಟಿದ, ಅಂವ ಚೀರಿದ, ಇವನನ್ನ ಹೊರಗ ಹಾಕಿದ್ರು, ಪಾಳಿ ತಪ್ಪಿತು. ನಾವು ಶಿಕ್ಷೆ ಅಂತ ಕೊಟ್ಟದ್ದೇ ಅವನಿಗೆ ಬೇಕಾಗಿದ್ದು.

ಕರದು ಒಬ್ಬನನ್ನೇ ಕೂಡಿಸಿ ಓದಿಸಿದ್ರ ಒತ್ತಕ್ಷರ ಬಂದಲ್ಲೆಲ್ಲಾ ನಿಂತ್ ಬಿಡ್ತಿದ್ದ. ಅವರ ತಂದಿ ತಾಯಿ ದೀಪಾವಳಿ ಮುಗಿದಮ್ಯಾಲ ಸಾಂಗ್ಲಿ, ಕೊಲ್ಲಾಪುರದ ಕಡೆ ಕಬ್ಬು ಕಡಿಯಾಕ ಹೋಗಿ ಯುಗಾದಿ ಹೊತ್ತಿಗೆ ಬರೋರು, ಎರಡನೇ ಮೂರನೇ ಕ್ಲಾಸಿನಾಗ ಇಂವನೂ ಅವರ ಜೋಡಿ ಹೋಗಿದ್ದ, ಒತ್ತಕ್ಷರ ಕಲಿಯೋ ತಿಂಗಳು ಅಂವ ಕಬ್ಬಿನ ಹೊಲದಾಗ ಗುಡಸಲಾ ಕಾಯ್ಕೋತ ಕುಂತಿದ್ದ. ಮನ್ಯಾಗ ಮಾತಾಡೋದು ಲಂಬಾಣಿ. ಎಲ್ಲಾರ ಮುಂದ ತಡವರಸೋದಕ್ಕಿಂತ ಕೆಟ್ಟ ಹುಡುಗ ಅನಿಸಿಕೊಳ್ಳೋದು ಅವನಿಗೆ ಸಸಾರ ಅನಿಸಿತ್ತು, ಹತ್ತು ವರ್ಷದ ಹುಡುಗನ ಮರ್ಯಾದಿನೂ ಮರ್ಯಾದಿನೇ ಅಲ್ರೀ.

ಅದಾದಮ್ಯಾಲ ನಾಳೆ ನಿನಗ ಯಾವ ಎರಡು ಸಾಲು ಬರ್ತಾವಂತ ಹಿಂದಿನ ದಿನಾನೇ ಹೇಳಿಬಿಡ್ತಿದ್ದೆ, ಊಟದ ಬಿಡುವಿನಾಗ ಒಂದ್ಸಲ ಓದಿಸ್ತಿದ್ದೆ. ಇನ್ನೊಂದು, ತಡ್ಕೊಳ್ಳಾಕ ಆಗಲಿಲ್ಲ ಅಂದ್ರ ಪೆನ್ನಿನ ಕ್ಯಾಪ್ ಡೆಸ್ಕ್ ಮ್ಯಾಲ ನಿಲ್ಲಸು, ನಾನು ಏನೂ ಕೇಳಂಗಿಲ್ಲ, ಹೋಗಿ ನೀರ್ ಕುಡದು ಬಾ ಅಂತ ಹೇಳಿದ್ದೆ. ಹೊರಗ ಹೋಗೋ ದಾರಿ ಚೂಟೀದೇ ಸಿಗ್ತೈತಿ ಅಂತ ಗೊತ್ತಾದ್ರ ಚೂಟೋ ಜರೂರತ್ತು ಎಲ್ಲಿರ್ತೈತಿ? ಮೊದಮೊದಲು ದಿನಾ ಕ್ಯಾಪ್ ನಿಲ್ಲಸ್ತಿದ್ದ, ಬರಬರ್ತಾ ಕಡಿಮಿ ಆತು.

ಸಾಮಾನ್ಯವಾಗಿ ಮಕ್ಕಳ ಗದ್ಲದ ಹಿಂದ ನಾಕು ಕಾರಣ ಇರ್ತಾವ. ಕಷ್ಟದ ಕೆಲಸದಿಂದ ತಪ್ಪಿಸ್ಕೊಳ್ಳೋದು, ಯಾರರ ನನ್ನ ಕಡೆ ನೋಡಲಿ ಅನ್ನೋದು, ಒಂದು ವಸ್ತು ಬೇಕಾಗಿರೋದು, ಇಲ್ಲಾ ಮೈಗೆ ಏನೋ ಹಿತ ಅನಸೋದು, ಉದಾಹರಣೆಗೆ ತೂಗಾಡೋದು, ಕಿವಿ ಮುಚ್ಚಿಕೊಳ್ಳೋದು. ಕಾರಣ ಯಾವುದಂತ ತಿಳೀದೇ ಉಪಾಯ ಹೂಡಿದ್ರ ಉಲ್ಟಾ ಹೊಡಿತೈತಿ, ಎಲ್ಲಾರೂ ನನ್ನ ನೋಡಲಿ ಅನ್ನೋ ಹುಡುಗನಿಗೆ ಕ್ಲಾಸ್ ಮುಂದ ನಿಲ್ಲಿಸಿ ಅರ್ಧ ತಾಸು ಬೈದ್ರ ಅದು ಅವನಿಗೆ ಹಬ್ಬ. ಇನ್ನೊಂದು ಮಾತು ನೆನಪಿಡ್ರಿ, ಮೊದಲು ಸಿಗ್ತಿದ್ದದ್ದು ಸಿಗೋದು ನಿಂತಾಗ ಗದ್ಲ ಕೆಲವು ದಿನ ಇನ್ನೂ ಜೋರಾಗಬಹುದು. ಭಾಳ ಟೀಚರ್ಸ್ ಅಲ್ಲೇ ಸೋತು "ಇದೆಲ್ಲಾ ಪುಸ್ತಕದ ಮಾತು" ಅಂತ ಕೈ ಬಿಡ್ತಾರ, ಜೋರಾದಾಗ ಬಿಟ್ಟುಕೊಟ್ರ ಮುಂದ ಅಷ್ಟೇ ಜೋರು ಮಾಡಬೇಕು ಅಂತ ಹುಡುಗ ಕಲ್ತಬಿಡ್ತಾನ.

ಇದೆಲ್ಲಾದಕ್ಕೂ ಮೊದಲು ಕಿವಿ, ಕಣ್ಣು, ಹೊಟ್ಟಿ ನೋಡ್ರಿ. "ಮಾತೇ ಕೇಳಂಗಿಲ್ಲ, ಸೊಕ್ಕು ಭಾಳ" ಅಂತ ನನ್ನ ಕಡೆ ಬಂದ ಒಂದು ಹುಡುಗಿಗೆ ಕಿವಿ ಸೋರಿ ಸೋರಿ ಒಂದು ಕಡೆ ಸರಿಯಾಗಿ ಕೇಳಸ್ತಾನೇ ಇರಲಿಲ್ಲ, ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆ ಮಾಡೋ ಸರ್ಕಾರಿ ಯೋಜನೆ) ಡಾಕ್ಟರ್ ಟೀಮ್ ಸಾಲಿಗೆ ಬಂದಾಗ ತೋರಿಸಿ ಅಲ್ಲಿಂದ ದವಾಖಾನಿಗೆ ಕಳಸಿದ್ವಿ, ಮುಂದಿನ ಸಾಲಿನಾಗ ಕೇಳಸೋ ಕಿವಿ ನಮ್ಮ ಕಡೆ ಆಗೋ ಹಂಗ ಕೂಡಿಸಿದ್ವಿ, ಸೊಕ್ಕೆಲ್ಲಾ ಹೋತು. ಆ ಟೀಮ್ ಹದಿನೆಂಟು ವರ್ಷದ ತನಕದ ಮಕ್ಕಳನ್ನ ನೋಡ್ತೈತಿ, ಬರೋ ದಿನ ಗೊತ್ತು ಮಾಡಿಕೊಂಡು ಸಂಶಯ ಇರೋ ಮಕ್ಕಳ ಹೆಸರು ಮೊದಲೇ ಬರದಿಟ್ಕೋರಿ. ನಡುನಡುವ ಮಾತು ನಿಲ್ಲಿಸಿ ಕೆಲವು ಸೆಕೆಂಡ್ ದಿಟ್ಟಿಸಿ ನೋಡೋ ಮಗು ಇದ್ರ ಅದು ಫಿಟ್ಸ್‌ನ ಒಂದು ನಮೂನಿನೂ ಇರಬಹುದು, ಬೈಯೂಕಿಂತ ಮೊದಲು ಡಾಕ್ಟರಿಗೆ ತೋರಸ್ರಿ. ಮುಂಜಾನೆ ಏನೂ ತಿನ್ನದೇ ಬಂದ ಹುಡುಗೂರು ಹನ್ನೊಂದೂವರಿ ಆಸುಪಾಸು ರೇಗ್ತಾವ, ಬಿಸಿಯೂಟ ಆದಮ್ಯಾಲ ಅವೇ ಹುಡುಗೂರು ಬ್ಯಾರೆ ಮಕ್ಕಳಾಗಿರ್ತಾವ.

ಎಡಿಎಚ್‌ಡಿ (ಗಮನ ನಿಲ್ಲದೇ ಇರೋದು, ವಿಪರೀತ ಚಟುವಟಿಕೆ) ಅನ್ನೋ ಹೆಸರು ಈಗ ಎಲ್ಲಾರ ಬಾಯಾಗೂ ಐತಿ. ಅದು ಖರೇನೇ ಇರೋ ತೊಂದರೆ, ಆದ್ರ ಟೀಚರ್ ಆಗಿ ನಾವು ಆ ಹೆಸರು ಹಚ್ಚಬಾರದು. ಡಾಕ್ಟರ್ ನೋಡೋದು ಏನಂದ್ರ ಲಕ್ಷಣ ಹನ್ನೆರಡು ವರ್ಷದೊಳಗ ಶುರು ಆಗ್ಯಾವೇನು, ಆರು ತಿಂಗಳಿಗಿಂತ ಹೆಚ್ಚು ಅದಾವೇನು, ಸಾಲಿಯೊಳಗ ಅಷ್ಟೇ ಅಲ್ಲ ಮನಿಯೊಳಗೂ ಕಾಣಸ್ತಾವೇನು ಅಂತ. ಇಲ್ಲಿ ನಿಮ್ಮ ನಾಕು ಕಾಲಂ ನೋಟ್‌ಬುಕ್ ಡಾಕ್ಟರಿಗೆ ಬಂಗಾರ ಇದ್ದಂಗ. ನಮ್ಮ ಕಡೆಯೋರು ಜಿಲ್ಲಾಸ್ಪತ್ರೆಗೆ ತೋರಸ್ತಾರ, ಹೆಚ್ಚಿನದಕ್ಕ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗ್ತಾರ. ಹೋಗಾಕ ಆಗದೇ ಇದ್ದೋರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ನಂಬರ್ ಕೊಡ್ತೀನಿ, ಪುಕ್ಕಟೆ, ಹಗಲು ರಾತ್ರಿ ಇರ್ತೈತಿ, ಕನ್ನಡದಾಗೇ ಮಾತಾಡ್ತಾರ. ಮೈ ಮ್ಯಾಲ ಬಾಸುಂಡಿ, ಸುಟ್ಟ ಗಾಯ ಕಂಡ್ರ ಮಾತ್ರ ತಡ ಮಾಡಬ್ಯಾಡ್ರಿ, ಮಕ್ಕಳ ಸಹಾಯವಾಣಿ 1098ಕ್ಕ ಫೋನ್ ಹಚ್ರಿ.

ಮನಿಗೆ ಹೋಗೋದು ಬಿಡಬ್ಯಾಡ್ರಿ. ಹೊಲದಿಂದ ಬಂದು ಕೈಕಾಲು ತೊಳ್ಕೊಂಡಮ್ಯಾಲ ಹೋಗ್ರಿ, ಮೊದಲ ಸಲ ಹೋದಾಗ ದೂರು ಹೇಳಾಕ ಹೋಗಬ್ಯಾಡ್ರಿ, ನಿಮ್ಮ ಹುಡುಗ ಲೆಕ್ಕ ಛಲೋ ಮಾಡ್ತಾನ ಅಂತ ಹೇಳಿ ಚಾ ಕುಡದು ಬರ್ರಿ. ಸಾಲಿಯಿಂದ ಒಂದು ಒಳ್ಳೆ ಮಾತು ಇಲ್ಲೀತನಕ ಯಾರೂ ತಂದಿರಂಗಿಲ್ಲ ಆ ಮನಿಗೆ, ಒಬ್ಬಾಕಿ ತಾಯಿ ಇದನ್ನ ಕೇಳಿ ಸೆರಗು ಬಾಯಿಗೆ ಹಚ್ಚಿ ಅತ್ತಳು. ಗಾಳಿ ಸೋಂಕು ಆಗೈತಿ ಅಂತ ತಾಯತ ಕಟ್ಟಿಸಿರ್ತಾರ, ಅದರ ಮ್ಯಾಲ ಜಗಳ ತಗೀಬ್ಯಾಡ್ರಿ, ತಾಯತ ಇರಲಿ, ದವಾಖಾನಿಗೂ ಹೋಗೂಣು ಅಂದ್ರ ಒಪ್ಪತಾರ.

ಹುಡುಗ ಪೂರ್ತಿ ಸಿಟ್ಟಿಗೆದ್ದಾಗ ಬುದ್ಧಿವಾದ ಹೇಳಿದ್ರ ಒಂದಕ್ಷರಾನೂ ಒಳಗ ಹೋಗಂಗಿಲ್ಲ. ಅಂವನ್ನ ಎಳದಾಡೂಕಿಂತ ಉಳಿದ ಮಕ್ಕಳನ್ನ ಹೊರಗ ಕಳಸ್ರಿ, ದನಿ ಸಣ್ಣದು ಮಾಡ್ರಿ, ತಲಿ ಮ್ಯಾಲ ನಿಂದ್ರಬ್ಯಾಡ್ರಿ, ಸ್ವಲ್ಪ ದೂರ ಕೂಡ್ರಿ. ಮಾತು ಆಮ್ಯಾಲ. ಮರುದಿನ ಸಾಲಿಗೆ ಬಂದಾಗ ನಿನ್ನೇದು ತಗದು ಚುಚ್ಚಬಾರದು, ಇವತ್ತು ಬ್ಯಾರೆ ದಿನ ಅನ್ನೋದು ಅವನಿಗೆ ನಿಮ್ಮ ಮಾರಿ ನೋಡಿ ತಿಳೀಬೇಕು. ಸೋಮವಾರ ಬೈದು ಮಂಗಳವಾರ ಮುದ್ದು ಮಾಡಿ ಬುಧವಾರ ಮತ್ತ ಹಾರಾಡೋ ಟೀಚರ್ ಜೋಡಿ ಇಂಥ ಮಕ್ಕಳು ಬದುಕಾಕ ಆಗಂಗಿಲ್ಲ, ಮನ್ಯಾಗ ಅದೇ ನಡದಿರ್ತೈತಿ.

ಇನ್ನ ನಿಮ್ಮ ಪೋಸ್ಟು. ಸ್ಪೆಷಲ್ ಎಜುಕೇಟರ್ (ವಿಶೇಷ ಅಗತ್ಯದ ಮಕ್ಕಳಿಗೆ ಕಲಿಸೋ ಟೀಚರ್) ಅಂತ ಕೆಲಸ ಮಾಡಬೇಕಾದ್ರ ಸಾದಾ ಬಿ.ಎಡ್ ಸಾಲಂಗಿಲ್ಲ, ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ಮಾನ್ಯತೆ ಇರೋ ಸ್ಪೆಷಲ್ ಎಜುಕೇಶನ್ ಡಿ.ಎಡ್ ಇಲ್ಲಾ ಬಿ.ಎಡ್ ಮಾಡಿ ಅವರಲ್ಲಿ ನೋಂದಣಿ ಆಗಬೇಕು. ಹಂಗಾಗಿ ಆ ಸಾಲಿಯೋರು ನಿಮ್ಮನ್ನ ಯಾವ ಹೆಸರಿನ ಮ್ಯಾಲ ತಗೋತಾರ ಅನ್ನೋದನ್ನ ಬರದದ್ದು ಕೇಳ್ರಿ. ಒಂದು ಕ್ಲಾಸಿನಾಗ ಎಷ್ಟು ಮಕ್ಕಳು, ನಿಮ್ಮ ಜೋಡಿ ಇನ್ನೊಬ್ಬರು ದೊಡ್ಡೋರು ಇರ್ತಾರೋ ಇಲ್ಲೋ, ಮಗು ಹೊಡದಾಗ ಏನ್ ಮಾಡಬೇಕಂತ ಸಾಲಿಯೋರು ಮೊದಲೇ ಗೊತ್ತು ಮಾಡ್ಯಾರೇನು, ಪಾಲಕರನ್ನ ಕರದು ಮಾತಾಡೋರು ಯಾರು, ಇವಿಷ್ಟು ಕೇಳ್ರಿ. ಸಾಧ್ಯ ಆದ್ರ ಒಂದು ದಿನ ಪೂರ್ತಿ ಅಲ್ಲೇ ಹಿಂದ ಕುಂತು ನೋಡ್ರಿ, ಈಗ ಇರೋ ಟೀಚರ್ ಮಕ್ಕಳನ್ನ ಹೆಸರು ಹಿಡದು ಕರೀತಾರೋ ಇಲ್ಲೋ ಅದರ ಮ್ಯಾಲೇ ಅರ್ಧ ತಿಳೀತೈತಿ. ಇನ್ನೊಬ್ಬರು ದೊಡ್ಡೋರು ಇಲ್ಲ, ಒಬ್ಬರೇ ಇಪ್ಪತ್ತು ಮಕ್ಕಳನ್ನ ನೋಡ್ಕೋಬೇಕು ಅಂದ್ರ ಬ್ಯಾಡ ಅಂತೀನಿ, ನಿಮಗೂ ತ್ರಾಸು, ಆ ಮಕ್ಕಳಿಗೂ ಅನ್ಯಾಯ. ಮಕ್ಕಳ ವಯಸ್ಸು ಎಷ್ಟಂತ ನೀವು ಬರದಿಲ್ಲ, ಹೇಳ್ರಿ, ಸಣ್ಣ ಮಕ್ಕಳಿಗೂ ಹೈಸ್ಕೂಲ್ ಹುಡುಗೂರಿಗೂ ಶುರು ಮಾಡೋ ರೀತಿ ಬ್ಯಾರೆ ಬ್ಯಾರೆ, ಅದರ ಪ್ರಕಾರ ಮೊದಲ ತಿಂಗಳು ಏನ್ ಮಾಡಬೇಕಂತ ಬರೀತೀನಿ.