ಬಂಡುಕೋರರು ವಶಪಡಿಸಿಕೊಂಡ ಯುದ್ಧವಿಮಾನ, ಹೆಲಿಕಾಪ್ಟರ್‌ಗಳನ್ನು ಹಾರಿಸಬಲ್ಲರೇ?

ಕೆಲಕಾಲ ಹಾರಿಸಬಲ್ಲರು, ಆದರೆ ವರ್ಷಗಟ್ಟಲೆ ಹಾರುವ ಸ್ಥಿತಿಯಲ್ಲಿ ಇಟ್ಟುಕೊಳ್ಳುವುದು ಬಹಳ ಕಷ್ಟ. 2021ರಲ್ಲಿ ಕಾಬೂಲ್ ವಶವಾದಾಗ ತಾಲಿಬಾನಿಗೆ ಹಿಂದಿನ ಸರ್ಕಾರದ ಕೆಲವು ಪೈಲಟ್‌ಗಳೂ ಮೆಕ್ಯಾನಿಕ್‌ಗಳೂ ದೊರೆತರು. ದೊರೆಯದಿದ್ದುದು ಬಿಡಿಭಾಗಗಳ ನಿರಂತರ ಪೂರೈಕೆ.

ಪುಣೆಯ ಲೋಹಗಾಂವ್‌ನ ನಮ್ಮ ಮನೆಯ ಮೇಲೆ ಸುಖೋಯ್ ಯುದ್ಧವಿಮಾನ ಹಾದುಹೋದರೆ ಅಡುಗೆಮನೆಯ ಸ್ಟೀಲ್ ಲೋಟಗಳು ನಡುಗುತ್ತವೆ. ಆ ಹಾರಾಟದ ಹಿಂದೆ ನೆಲದ ಮೇಲೆ ಹಲವು ಜನರ ಹಲವು ಗಂಟೆಗಳ ದುಡಿಮೆ ಇರುತ್ತದೆ. ಎಂಜಿನ್, ಗೇರ್‌ಬಾಕ್ಸ್, ಹೆಲಿಕಾಪ್ಟರ್ ಆದರೆ ತಿರುಗುವ ರೆಕ್ಕೆಗಳಾದ ರೋಟರ್‌ಗಳನ್ನು ಇಂತಿಷ್ಟು ಗಂಟೆ ಹಾರಿದ ಮೇಲೆ ತಪಾಸಣೆ ಮಾಡಲೇಬೇಕು, ಅವಧಿ ಮುಗಿದರೆ ಬದಲಿಸಲೇಬೇಕು. ತಯಾರಕ ದೇಶ ಬಿಡಿಭಾಗ ಕೊಡದಿದ್ದರೆ ಒಂದನ್ನು ಬಿಚ್ಚಿ ಇನ್ನೊಂದಕ್ಕೆ ಜೋಡಿಸುವುದೇ ಗತಿ, ಅಂದರೆ ಹಾರುವವುಗಳ ಸಂಖ್ಯೆ ಕರಗುತ್ತಲೇ ಹೋಗುತ್ತದೆ. ಹಲವು ದೇಶಗಳಲ್ಲಿ ಬಳಕೆಯಲ್ಲಿರುವ ರಷ್ಯಾದ ಎಂಐ-17 ಹೆಲಿಕಾಪ್ಟರ್ ಈ ವಿಷಯದಲ್ಲಿ ಅಮೆರಿಕದ ಬ್ಲ್ಯಾಕ್ ಹಾಕ್ ಹೆಲಿಕಾಪ್ಟರ್‌ಗಿಂತ ಸಲೀಸು. 2022ರ ಸೆಪ್ಟೆಂಬರಿನಲ್ಲಿ ಕಾಬೂಲಿನಲ್ಲಿ ತಾಲಿಬಾನಿನ ತರಬೇತಿಯ ವೇಳೆ ಒಂದು ಬ್ಲ್ಯಾಕ್ ಹಾಕ್ ಪತನವಾಗಿ ಮೂವರು ಸತ್ತರು.