ಸಾಲಿಸಿಟ್ಸ್ ಬೇಕಾ, ಸಾಲಿಸಿಟ್ ಸಾಕಾ?

ಪ್ರಶ್ನೆ: ನಮ್ಮದು ಸಣ್ಣ ಪ್ರೆಸ್. ಮದುವೆ ಸೀಸನ್‌ನಲ್ಲಿ ಲಗ್ನಪತ್ರಿಕೆ ಕೆಲಸವೇ ಜಾಸ್ತಿ. ಇಂಗ್ಲಿಷ್ ಕಾರ್ಡಿನಲ್ಲಿ ಅಪ್ಪ ಅಮ್ಮನ ಹೆಸರಿನ ಕೆಳಗೆ ಕೆಲವರು ‘ಸಾಲಿಸಿಟ್ಸ್ ಯುವರ್ ಗ್ರೇಶಿಯಸ್ ಪ್ರೆಸೆನ್ಸ್’ ಅಂತ ಹಾಕಿಸುತ್ತಾರೆ, ಕೆಲವರು ‘ಸಾಲಿಸಿಟ್’ ಅಂತ. ಪ್ರೂಫ್ ನೋಡುವಾಗ ಇದೇ ವಾದ. ಯಾವುದು ಸರಿ?
– ಓದುಗರು, ಗದಗ

ಉತ್ತರ: ಕರೆಯುತ್ತಿರುವವರು ಇಬ್ಬರು. ಹಾಗಾಗಿ ‘ಸಾಲಿಸಿಟ್’. ಎಸ್ ತೆಗೆದುಬಿಡಿ. ಮೇಲೆ ‘ಶ್ರೀಮತಿ ಅಂಡ್ ಶ್ರೀ’ ಅಂತ ಅಚ್ಚಾಗಿದೆ ಅಲ್ವಾ? ಆ ‘ಅಂಡ್’ ಇಬ್ಬರನ್ನು ಕೂಡಿಸಿತು, ಅಲ್ಲಿಗೆ ಬಹುವಚನ. ‘ರಿಕ್ವೆಸ್ಟ್’, ‘ಇನ್ವೈಟ್’ ಹಾಕಿದರೂ ಇದೇ ಲೆಕ್ಕ. ತಾಯಿ ಒಬ್ಬರೇ ಕರೆಯುತ್ತಿದ್ದರೆ, ಅಥವಾ ಮನೆಯ ಹಿರಿಯರೆಂದು ಅಜ್ಜನ ಹೆಸರೊಂದೇ ಹಾಕಿದ್ದರೆ, ಆಗ ‘ಸಾಲಿಸಿಟ್ಸ್’.

ಈ ತಪ್ಪು ಎಲ್ಲಿಂದ ಬರುತ್ತದೆ ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರಬೇಕು. ಗಿರಾಕಿ ಯಾರದೋ ಮದುವೆಯ ಹಳೇ ಕಾರ್ಡ್ ಹಿಡಿದು ಬರುತ್ತಾರೆ. ‘ಇದೇ ಥರ ಮಾಡಿ, ಹೆಸರು ಮಾತ್ರ ಬದಲಿಸಿ’ ಅನ್ನುತ್ತಾರೆ. ಆ ಕಾರ್ಡಿನಲ್ಲಿ ಅಜ್ಜ ಒಬ್ಬರೇ ಕರೆದಿರುತ್ತಾರೆ. ಇಲ್ಲಿ ಇಬ್ಬರ ಹೆಸರು ಬಂತು, ಎಸ್ ಮಾತ್ರ ಕೂತಲ್ಲೇ ಕೂತಿತು.

ಇನ್ನೊಂದು ಕಡೆ ಹುಷಾರಾಗಿರಿ. ‘ಶ್ರೀ ಇಂಥವರು, ಅಲಾಂಗ್ ವಿತ್ ಫ್ಯಾಮಿಲಿ ಮೆಂಬರ್ಸ್’ ಅಂತ ಇದ್ದರೆ ಮತ್ತೆ ‘ಸಾಲಿಸಿಟ್ಸ್’ ಆಗುತ್ತದೆ. ‘ಅಲಾಂಗ್ ವಿತ್’ ಆದಮೇಲೆ ಮನೆಮಂದಿ ಎಷ್ಟೇ ಇರಲಿ, ಕ್ರಿಯಾಪದ ಅವರನ್ನು ಎಣಿಸುವುದಿಲ್ಲ. ಅದು ನೋಡುವುದು ಯಜಮಾನರ ಮುಖ ಮಾತ್ರ. ಕಾರ್ಡಿನ ಕೊನೆಯ ‘ವಿತ್ ಬೆಸ್ಟ್ ಕಾಂಪ್ಲಿಮೆಂಟ್ಸ್ ಫ್ರಮ್’ ಸಾಲಿನಲ್ಲಿ ಕ್ರಿಯಾಪದವೇ ಇಲ್ಲ, ಅಲ್ಲಿ ನಿಶ್ಚಿಂತೆ.

ಕನ್ನಡ ಕಾರ್ಡಿಗೆ ಈ ಜಗಳ ಯಾಕಿಲ್ಲ ಗೊತ್ತಾ? ‘ತಮ್ಮ ಸುಖಾಗಮನ ಬಯಸುವ’ ಅಂತ ಬರೆದು ಕೆಳಗೆ ಹೆಸರು ಹಾಕುತ್ತೀರಿ. ಬಯಸುವ ಅಜ್ಜ, ಬಯಸುವ ಅಮ್ಮ, ಬಯಸುವ ಬಂಧುಗಳು. ‘ಬಯಸುವ’ ಯಾರಿಗೂ ಬದಲಾಗುವುದಿಲ್ಲ. ಈ ಸಾಲನ್ನು ಮೊದಲು ಬರೆದವರು ಯಾರೋ, ಅಚ್ಚುಕೂಟದವರ ಮೇಲೆ ಅವರಿಗೆ ಪ್ರೀತಿ ಇದ್ದಿರಬೇಕು.

ಪ್ರಶ್ನೆ: ಮಗ ಐದನೇ ಕ್ಲಾಸು. ‘ಕೌ’ಗೆ ಎಸ್ ಸೇರಿಸಿದರೆ ಬಹುವಚನ ಅಂತ ಹೇಳಿಕೊಟ್ಟೆ. ಈಗ ‘ಈಟ್ಸ್’ ಕೂಡ ಬಹುವಚನ ಅಂತ ಹಟ ಮಾಡುತ್ತಾನೆ. ‘ಕೌಸ್ ಈಟ್ಸ್’ ಅಂತಲೇ ಬರೆಯುತ್ತಾನೆ. ಹೇಗೆ ತಿಳಿಸಲಿ?
– ಒಬ್ಬ ತಾಯಿ, ಹಾಸನ

ಉತ್ತರ: ಹುಡುಗ ಜಾಣ. ಅವನಿಗೆ ಬೈಯಬೇಡಿ. ಈ ಎರಡು ಎಸ್‌ಗಳಿಗೆ ಒಂದಕ್ಕೊಂದು ನಂಟೇ ಇಲ್ಲ. ಕ್ರಿಯಾಪದದ ಎಸ್ ಬೇರೆ ದಾರಿಯಲ್ಲಿ ಬಂತು. ಹಿಂದೆ ಇಂಗ್ಲೆಂಡಿನ ದಕ್ಷಿಣದ ಕಡೆ ‘ಗೋಯೆತ್’, ‘ಮೇಕೆತ್’ ಅನ್ನುತ್ತಿದ್ದರು. 1611ರ ಇಂಗ್ಲಿಷ್ ಬೈಬಲ್‌ನ 23ನೇ ಕೀರ್ತನೆ ನೋಡಿ, ‘ಹಿ ಮೇಕೆತ್ ಮಿ ಟು ಲೈ ಡೌನ್’ ಅಂತಿದೆ. ಉತ್ತರದ ಕಡೆಯವರ ಬಾಯಲ್ಲಿದ್ದ ಎಸ್ ಮೆಲ್ಲಗೆ ದಕ್ಷಿಣಕ್ಕೂ ಇಳಿದು ‘ಎತ್’ನ ಜಾಗ ಹಿಡಿಯಿತು.

ಅವನಿಗೆ ಇಷ್ಟು ಸಾಕು: ‘ದಿ ಕೌ ಈಟ್ಸ್’, ‘ದಿ ಕೌಸ್ ಈಟ್’. ಎಸ್ ಒಂದೋ ಹಸುವಿನ ಹತ್ತಿರ, ಇಲ್ಲವೇ ತಿನ್ನುವುದರ ಹತ್ತಿರ. ಎರಡೂ ಕಡೆ ಬೇಡ. ‘ಚಿಲ್ಡ್ರನ್ ಈಟ್’ ಬಂದಾಗ ಈ ಉಪಾಯ ಕೈಕೊಡುತ್ತದೆ, ಅಲ್ಲಿ ಎಸ್ ಎಲ್ಲೂ ಇಲ್ಲ. ಅದನ್ನು ಮುಂದಿನ ವಾರ ಹೇಳಿ.

‘ಡಸ್’ ಬಂದರೆ ಇನ್ನೊಂದು ಮಾತು. ‘ಇಟ್ ಡಸ್ ನಾಟ್ ಈಟ್ಸ್’ ಅಂತ ದೊಡ್ಡವರೂ ಬರೆಯುತ್ತಾರೆ. ‘ಡಸ್’ ಆಗಲೇ ಎಸ್ ನುಂಗಿ ಕೂತಿದೆ, ‘ಈಟ್’ಗೆ ಮತ್ತೆ ಕೊಡಬೇಡಿ. ‘ಕ್ಯಾನ್’, ‘ವಿಲ್’, ‘ಮಸ್ಟ್’ಗಳಿಗೆ ಎಸ್ ಹತ್ತುವುದೇ ಇಲ್ಲ, ಅವುಗಳ ಹಿಂದೆ ಬರುವ ಕ್ರಿಯಾಪದಕ್ಕೂ ಇಲ್ಲ.

ಹುಡುಗ ಗೊಣಗಿದರೆ ಕನ್ನಡ ತೋರಿಸಿ. ತಿನ್ನುತ್ತೇನೆ, ತಿನ್ನುತ್ತೀಯ, ತಿನ್ನುತ್ತಾನೆ, ತಿನ್ನುತ್ತಾಳೆ, ತಿನ್ನುತ್ತದೆ, ತಿನ್ನುತ್ತವೆ. ಹಿಂದೆ ಆದದ್ದಕ್ಕೂ ಬಿಡಲ್ಲ: ತಿಂದ, ತಿಂದಳು, ತಿಂದವು. ಇಂಗ್ಲಿಷ್‌ನಲ್ಲಿ ಹುಡುಗನಿಗೂ ಹಸುವಿಗೂ ಊರಿಗೂ ಒಂದೇ ‘ಏಟ್’. ಶಾಲೆಗೆ ಹೋಗುವ ಮೊದಲೇ ಇಷ್ಟನ್ನೆಲ್ಲ ಬಾಯಲ್ಲಿ ಇಟ್ಟುಕೊಂಡವನಿಗೆ ಒಂದು ಎಸ್ ಯಾವ ಲೆಕ್ಕ?

ಪ್ರಶ್ನೆ: ಆಫೀಸಿಗೆ ಫೋನ್ ಬಂದಾಗ ‘ಸರ್ ಈಸ್ ಇನ್ ಎ ಮೀಟಿಂಗ್’ ಅನ್ನಲು ಮುಜುಗರ. ಸಾಹೇಬರನ್ನು ಏಕವಚನದಲ್ಲಿ ಕರೆದ ಹಾಗೆ ಅನಿಸುತ್ತದೆ. ‘ಸರ್ ಆರ್’ ಅಂದರೆ ತಪ್ಪಾ?
– ಗುಮಾಸ್ತೆ, ಬಳ್ಳಾರಿ

ಉತ್ತರ: ತಪ್ಪಮ್ಮ. ಮರ್ಯಾದೆಗೆ ಬಹುವಚನ ಹಚ್ಚುವುದು ನಮ್ಮ ಅಭ್ಯಾಸ. ‘ಅಪ್ಪ ಬಂದರು’ ಅಂದು ಬೆಳೆದ ಬಾಯಿಗೆ ‘ಮೈ ಫಾದರ್ ಹ್ಯಾವ್ ಕಮ್’ ತಾನಾಗಿ ಬರುತ್ತದೆ. ಆದರೆ ಅಲ್ಲಿ ರಾಜನಿಗೂ ‘ಹಿಸ್ ಮೆಜೆಸ್ಟಿ ಈಸ್’. ಗೌರವ ಎಲ್ಲ ಬಿರುದಿನಲ್ಲಿ, ಕ್ರಿಯಾಪದಕ್ಕೆ ಒಬ್ಬ ಅಂದರೆ ಒಬ್ಬನೇ.

ಹಾಗಂತ ಇಂಗ್ಲಿಷಿನವರಿಗೆ ನಮ್ಮ ಈ ಪದ್ಧತಿ ಗೊತ್ತೇ ಇರಲಿಲ್ಲ ಅನ್ನಬೇಡಿ. ಅವರಲ್ಲೂ ‘ದೌ’ ಮತ್ತು ‘ಯೂ’ ಎರಡಿದ್ದವು, ನಮ್ಮ ನೀನು, ನೀವು ಇದ್ದಂತೆ. ಒಬ್ಬನಿಗೆ ‘ದೌ ಆರ್ಟ್’, ಹಲವರಿಗೆ ‘ಯೂ ಆರ್’. ಆಮೇಲೆ ದೊಡ್ಡವರು ಒಬ್ಬರೇ ಇದ್ದರೂ ‘ಯೂ’ ಅನ್ನತೊಡಗಿದರು. ಮರ್ಯಾದೆ ಬೆಳೆದು ಬೆಳೆದು ಕೊನೆಗೆ ಮಕ್ಕಳಿಗೂ ‘ಯೂ’ ಆಯಿತು, ‘ದೌ’ ಹೆಚ್ಚುಕಡಿಮೆ ಚರ್ಚಿಗಷ್ಟೇ ಉಳಿಯಿತು. ಎದುರಿಗೆ ಒಬ್ಬರೇ ಇದ್ದರೂ ‘ಯೂ ಆರ್’, ‘ಯೂ ಹ್ಯಾವ್’ ಅನ್ನುವುದು ಇದಕ್ಕೇ. ನಡುವೆ ಕೆಲವರು ಒಬ್ಬರಿಗೆ ‘ಯೂ ವಾಸ್’ ಅಂದು ನೋಡಿದರು. ರಾಬರ್ಟ್ ಲೌತ್ ಅನ್ನುವ ಪಾದ್ರಿ 1762ರ ತನ್ನ ವ್ಯಾಕರಣದಲ್ಲಿ ಅದು ಭಾರೀ ತಪ್ಪು ಅಂತ ಬರೆದ. ಶಿಷ್ಟರ ಬರವಣಿಗೆಯಿಂದ ಅದು ಕ್ರಮೇಣ ಹೋಯಿತು.

ಆದ್ದರಿಂದ ಸಾಹೇಬರ ಎದುರಿಗೆ ‘ಯೂ ಆರ್’, ಹಿಂದೆ ‘ಸರ್ ಈಸ್’. ಸಾಹೇಬರು ಕೇಳಿಸಿಕೊಂಡರೂ ಬೇಜಾರು ಮಾಡಿಕೊಳ್ಳಲಾರರು.

ಪ್ರಶ್ನೆ: ಕ್ರಿಕೆಟ್ ನೋಡುವಾಗ ‘ಇಂಡಿಯಾ ನೀಡ್ ಟ್ವೆಂಟಿ ರನ್ಸ್’ ಅಂತಾರೆ. ‘ನೀಡ್ಸ್’ ಆಗಬೇಕಲ್ವಾ?
– ಕಾಲೇಜು ವಿದ್ಯಾರ್ಥಿ, ದಾವಣಗೆರೆ

ಉತ್ತರ: ಅಲ್ಲಿ ಇಂಡಿಯಾ ಅಂದರೆ ಹನ್ನೊಂದು ಜನ, ಹಾಗಾಗಿ ‘ನೀಡ್’. ಇದು ಬ್ರಿಟಿಷರ ರೂಢಿ, ಕ್ರಿಕೆಟ್ ಜೊತೆಗೇ ನಮ್ಮಲ್ಲಿಗೆ ಬಂತು. ಅಮೆರಿಕದವರು ತಂಡವನ್ನು ಒಂದೇ ಅಂತ ಎಣಿಸಿ ಸಾಮಾನ್ಯವಾಗಿ ‘ನೀಡ್ಸ್’ ಅನ್ನುತ್ತಾರೆ. ದೇಶದ ಬಗ್ಗೆ ಮಾತಾಡುವಾಗ ಮಾತ್ರ ಎಲ್ಲರಿಗೂ ‘ಇಂಡಿಯಾ ಈಸ್’. ತಮಾಷೆ ಅಂದರೆ, ಅಮೆರಿಕದವರು ತಮ್ಮ ದೇಶವನ್ನೇ ಒಂದು ಕಾಲಕ್ಕೆ ಬಹುವಚನದಲ್ಲಿ ಕರೆದವರು. ಗುಲಾಮಗಿರಿ ತೆಗೆದುಹಾಕಿದ, ಅವರ ಸಂವಿಧಾನದ 1865ರ 13ನೇ ತಿದ್ದುಪಡಿಯಲ್ಲೂ ಯುನೈಟೆಡ್ ಸ್ಟೇಟ್ಸ್‌ಗೆ ‘ದೇರ್’, ಅಂದರೆ ‘ಅವುಗಳ’, ಅಂತಲೇ ಇದೆ. ಪರೀಕ್ಷೆಯಲ್ಲಿ ಯಾವುದಾದರೂ ಒಂದನ್ನು ಹಿಡಿದು ಕೊನೆತನಕ ಅದನ್ನೇ ಬರೆಯಿರಿ. ‘ಪೊಲೀಸ್’ಗೆ ಮಾತ್ರ ಆಯ್ಕೆ ಇಲ್ಲ, ‘ಆರ್’ ಹಾಕಿ.

ಪ್ರಶ್ನೆ: ಮಾವಿನಹಣ್ಣಿನ ವ್ಯಾಪಾರ. ಹೊರರಾಜ್ಯದ ಪಾರ್ಟಿಗೆ ಇಂಗ್ಲಿಷ್‌ನಲ್ಲಿ ಮೆಸೇಜ್ ಹಾಕಬೇಕು. ‘ದಿ ಕ್ವಾಲಿಟಿ ಆಫ್ ದಿ ಮ್ಯಾಂಗೋಸ್ ಆರ್ ಗುಡ್. ಟ್ವೆಂಟಿ ಥೌಸಂಡ್ ರುಪೀಸ್ ಆರ್ ಡ್ಯೂ.’ ಸರಿ ಇದೆಯಾ?
– ವ್ಯಾಪಾರಿ, ಶ್ರೀನಿವಾಸಪುರ

ಉತ್ತರ: ಎರಡೂ ಕಡೆ ‘ಈಸ್’ ಮಾಡಿ. ಚೆನ್ನಾಗಿರುವುದು ಕ್ವಾಲಿಟಿ, ಅದು ಒಂದೇ. ‘ಮ್ಯಾಂಗೋಸ್’ ಪಕ್ಕದಲ್ಲೇ ಕೂತಿದ್ದಕ್ಕೆ ಕಣ್ಣು ಆ ಕಡೆ ಹೋಗಿದೆ, ಅಷ್ಟೇ. ಬಾಕಿಯನ್ನು ಇಡೀ ಒಂದು ಮೊತ್ತ ಅಂತ ಹಿಡಿಯಬೇಕು, ನೋಟು ಎಣಿಸಿದಂತೆ ಅಲ್ಲ. ಕೆಟ್ಟ ಬಾಕ್ಸಿನ ಮಾತು ಬಂದರೆ ‘ಒನ್ ಆಫ್ ದಿ ಬಾಕ್ಸಸ್ ಈಸ್ ಡ್ಯಾಮೇಜ್ಡ್’, ಎರಡಾದರೆ ‘ಟೂ ಬಾಕ್ಸಸ್ ಆರ್’. ಮತ್ತೆ ಇದು ವ್ಯಾಕರಣದ ಮಾತಲ್ಲ, ಆದರೂ ಹೇಳುತ್ತೇನೆ: ದುಡ್ಡಿನ ಸಾಲನ್ನು ಮೊದಲು ಬರೆಯಿರಿ, ಕ್ವಾಲಿಟಿ ಆಮೇಲೆ ಬರಲಿ.