ಹಾಯಿಗೆ ಬರೀ ಬಿಳಿ ಬೇಡ

ಪ್ರಶ್ನೆ: ‘ಕಟ್ಟಿ ಸಾರ್ಕ್’ ಎಂಬ ಹಳೆಯ ಬ್ರಿಟಿಷ್ ಹಾಯಿಹಡಗಿನ ಪ್ಲಾಸ್ಟಿಕ್ ಮಾದರಿ ಜೋಡಿಸಿದ್ದೇನೆ. ಹಾಯಿಗಳು ಐಸ್‌ಕ್ರೀಮ್ ಡಬ್ಬಿಯ ಮುಚ್ಚಳದ ಹಾಗೆ ಹೊಳೆಯುತ್ತವೆ. ಬಟ್ಟೆಯಂತೆ ಕಾಣಲು ಏನು ಮಾಡಲಿ?
– ಓದುಗರು, ಚಿಂತಾಮಣಿ

ಉತ್ತರ: ಮೊದಲು ಪಾತ್ರೆ ಸೋಪಿನಲ್ಲಿ ತೊಳೆದು ಒಣಗಿಸಿ. ನನ್ನ ಮೊದಲ ಹಡಗಿಗೆ ಇದನ್ನು ಮಾಡಲಿಲ್ಲ, ಬಣ್ಣ ಸಿಪ್ಪೆಯ ಹಾಗೆ ಎದ್ದುಬಂತು. ಆಮೇಲೆ ತೆಳುವಾಗಿ ಪ್ರೈಮರ್, ಅಂದರೆ ಬಣ್ಣ ಹಿಡಿಯಲು ಮೊದಲು ಹಚ್ಚುವ ಲೇಪ.

ಬರೀ ಬಿಳಿ ಬಳಿಯಬೇಡಿ. ಅದು 1869ರ ಹಡಗು, ಬಿಸಿಲು ಉಪ್ಪುನೀರು ತಿಂದ ಹಾಯಿ. ಕೋಲಾರದ ಎಪಿಎಂಸಿ ಮುಂದೆ ನಿಲ್ಲುವ ಲಾರಿಗಳ ಹಳೆ ಕ್ಯಾನ್ವಾಸ್ ಟಾರ್ಪಾಲನ್ನು ನಾನು ಎಷ್ಟೋ ಸಲ ನಿಂತು ನೋಡಿದ್ದೇನೆ. ಮಡಿಕೆಯಲ್ಲಿ ಕಪ್ಪು, ಉಬ್ಬಿದ ಕಡೆ ಬಿಳಿಚು, ಹಗ್ಗ ಕಟ್ಟುವ ಅಂಚಿನಲ್ಲಿ ಜಾಸ್ತಿ ಕೊಳೆ. ಅದೇ ನಿಮಗೆ ಬೇಕಾದದ್ದು, ಅಲ್ವಾ?

ಅಕ್ರಿಲಿಕ್ ಕೆನೆ ಬಣ್ಣವನ್ನು ಎರಡೂ ಬದಿಗೆ ಹಚ್ಚಿ. ಒಣಗಿದ ಮೇಲೆ ಕಂದು ಬಣ್ಣವನ್ನು ಟೀ ನೀರಿನಷ್ಟು ತೆಳುವಾಗಿ ಕಲಸಿ ಹೊಲಿಗೆಯ ಗೆರೆಗಳಿಗೆ ಬಿಡಿ. ಹೆಚ್ಚಾದದ್ದನ್ನು ಮೇಲಿಂದ ಕೆಳಕ್ಕೇ ಒರೆಸಿ. ಮಳೆನೀರು ಇಳಿಯುವುದೂ ಹಾಗೇ. ಕೊನೆಗೆ ಒಣ ಬ್ರಷ್‌ನಲ್ಲಿ ಉಬ್ಬುಗಳ ಮೇಲೆ ತಿಳಿ ಕೆನೆ ಸವರಿ, ಮ್ಯಾಟ್ ವಾರ್ನಿಶ್ ಹಾಕಿ. ಹೊಳಪು ಹೋಗುವುದು ಅದರಿಂದಲೇ.